ಗೋಡೆ ಬಿರುಕಿಗೆ ಪುಟ್ಟಿ ಮೆತ್ತೋ ಮುಂಚೆ ಮಳೇಲಿ ಒಂದ್ಸಲ ಮನೆ ಸುತ್ತಿ

ಜೋರು ಮಳೆ ಬಂದ್ರೆ ಎಲ್ರೂ ಕಿಟಕಿ ಹಾಕ್ಕೊಂಡು ಒಳಗೆ ಕೂತ್ಕೋತೀವಿ, ಆದ್ರೆ ಮನೆ ಬುಡ ಹೇಗಿದೆ ಅಂತ ನೋಡೋಕೆ ಅದಕ್ಕಿಂತ ಒಳ್ಳೆ ಹೊತ್ತು ಇನ್ನೊಂದಿಲ್ಲ. ಕೊಡೆ ಹಿಡ್ಕೊಂಡು ಹಳೇ ಚಪ್ಪಲಿ ಮೆಟ್ಕೊಂಡು ಹೊರಗೆ ಬನ್ನಿ. ತಾರಸಿ ನೀರು ಎಲ್ಲಿ ಇಳೀತಿದೆ, ಇಳಿದ್ಮೇಲೆ ಯಾವ ಕಡೆ ಹರೀತಿದೆ, ಎಲ್ಲಿ ಮಡುಗಟ್ಟಿ ನಿಲ್ತಿದೆ, ಎಲ್ಲಾ ಫೋನಲ್ಲಿ ವಿಡಿಯೋ ಮಾಡ್ಕೊಳ್ಳಿ. ಬಿಸಿಲು ಬಂದ್ಮೇಲೆ ಮೇಸ್ತ್ರಿ ಮುಂದೆ ನಿಂತ್ಕೊಂಡು "ಅಲ್ಲೆಲ್ಲೋ ನೀರು ನಿಲ್ಲತ್ತೆ ಕಣಪ್ಪಾ" ಅಂತ ಕೈ ತೋರಿಸೋದಕ್ಕಿಂತ ಇದು ವಾಸಿ.

ನಾನು ಈ ಬುದ್ಧಿ ಕಲ್ತಿದ್ದು ತಡವಾಗಿ. ನಮ್ಮನೆ ಹಿಂದಿನ ಗೋಡೇಲಿ ಒಂದು ಬಿರುಕು, ಮೂರು ಸಲ ಪುಟ್ಟಿ ಹಾಕ್ಸಿ ಬಣ್ಣ ಹೊಡೆಸ್ದೆ, ಮೂರು ಸಲಾನೂ ಅದೇ ಜಾಗದಲ್ಲಿ ಬಾಯಿ ಬಿಡ್ತು. ಕೊನೆಗೊಂದು ದಿನ ಮಳೇಲಿ ಹೋಗಿ ನೋಡಿದ್ರೆ ತಾರಸಿಯಿಂದ ಇಳಿಯೋ ಪೈಪಿನ ಕೆಳಗಿನ ಎಲ್ಬೋ, ಅಂದ್ರೆ ನೀರನ್ನ ಆಚೆ ತಿರುಗಿಸೋ ಬಾಗಿದ ತುಂಡು, ಕಳಚಿ ಬಿದ್ದಿದೆ, ಗಿಡದ ಮರೇಲಿ ಇದ್ದಿದ್ದಕ್ಕೆ ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೂ ನೀರು ನೇರ ಪಾಯಕ್ಕೆ ಸುರೀತಿದೆ. ಎಷ್ಟು ನೀರು ಅಂತೀರಾ? ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್. ತಾರಸಿ 100 ಚದರ ಮೀಟರ್ ಇದ್ದು 20 ಮಿ.ಮೀ. ಮಳೆಯಾದ್ರೆ 2,000 ಲೀಟರ್, ಪೈಪ್ ಒಂದೇ ಇದ್ರೆ ಅಷ್ಟೂ ಒಂದೇ ಮೂಲೆಗೆ.

ಜೇಡಿ ಮಣ್ಣು, ಎರೆ ಮಣ್ಣು ನೀರು ಕುಡಿದ್ರೆ ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ. ಮನೆ ಕೆಳಗೆಲ್ಲಾ ಒಂದೇ ಸಮ ಉಬ್ಬಿ ಕುಗ್ಗಿದ್ರೆ ಅಷ್ಟು ತೊಂದ್ರೆ ಇರ್ತಿರ್ಲಿಲ್ಲ, ಒಂದು ಮೂಲೆ ಮಾತ್ರ ಏರಿಳಿದು ಉಳಿದದ್ದು ನಿಂತಲ್ಲೇ ನಿಂತ್ರೆ ಗೋಡೆ ಸೀಳದೆ ಏನ್ಮಾಡತ್ತೆ. ಮರಳು ಮಣ್ಣಾದ್ರೆ ಬೇರೆ ಥರ, ನೀರಿನ ಜೊತೆ ಮಣ್ಣೇ ಕೊಚ್ಕೊಂಡು ಹೋಗಿ ಪಾಯದ ಕೆಳಗೆ ಟೊಳ್ಳಾಗತ್ತೆ.

ಅದಕ್ಕೇ ಕೆಲಸ ಮೇಲಿಂದ ಶುರು ಮಾಡಿ. ತಾರಸಿ ಪೈಪಿನ ಬಾಯಲ್ಲಿರೋ ಎಲೆ ಕಸ ತೆಗೆದು, ಜಾಲರಿ ಇಲ್ದಿದ್ರೆ ಒಂದು ಕೂರ್ಸಿ, ಆಮೇಲೆ ಎರಡು ಬಕೆಟ್ ನೀರು ಹುಯ್ದು ಕೆಳಗೆ ಸಲೀಸಾಗಿ ಬರತ್ತಾ ನೋಡಿ. ಕೆಳಗಡೆ ನೀರು ಬೀಳೋ ಜಾಗ ಗೋಡೆಯಿಂದ ಕನಿಷ್ಠ 5-6 ಅಡಿ ಆಚೆ ಇರ್ಬೇಕು, ಅದಕ್ಕೊಂದು ತುಂಡು ಪೈಪ್ ಜೋಡಿಸಿದ್ರೆ ಆಯ್ತು.

ಆಮೇಲೆ ವಾಟ. ಇದೇ ಮುಖ್ಯ, ಇದನ್ನೇ ಎಲ್ರೂ ಮರೆಯೋದು. ಗೋಡೆಯಿಂದ 10 ಅಡಿ ದೂರ ಹೋಗೋಷ್ಟರಲ್ಲಿ ನೆಲ 6 ಇಂಚು ಇಳಿದಿರ್ಬೇಕು, ಕಾಂಕ್ರೀಟ್ ಹಾಕಿದ್ರೆ ಎರಡೂವರೆ ಇಂಚು ಸಾಕು. ಕಣ್ಣಳತೆ ನಂಬ್ಬೇಡಿ, ಮೇಸ್ತ್ರಿಗಳು ಇಟ್ಕೊಳ್ಳೋ ಲೆವೆಲ್ ಟ್ಯೂಬ್ ಇದ್ರೆ ನೀವೇ ಅಳೀಬೋದು. ಪಾರದರ್ಶಕ ಟ್ಯೂಬಿಗೆ ಗಾಳಿ ಗುಳ್ಳೆ ಇಲ್ದಂಗೆ ನೀರು ತುಂಬಿ ಒಂದು ತುದಿ ಗೋಡೆಗೆ, ಇನ್ನೊಂದು ತುದಿ 10 ಅಡಿ ಆಚೆ ನೆಟ್ಟ ಗೂಟಕ್ಕೆ ಹಿಡೀರಿ. ನೀರು ಅಲ್ಲಾಡೋದು ನಿಂತ್ಮೇಲೆ ಎರಡೂ ಕಡೆ ಗುರುತು ಹಾಕಿ, ಗುರುತಿಂದ ನೆಲಕ್ಕೆ ಎಷ್ಟಿದೆ ಅಂತ ಟೇಪ್ ಹಿಡೀರಿ. ಗೂಟದ ಹತ್ರ ಎಷ್ಟು ಜಾಸ್ತಿ ಬಂತೋ ಅಷ್ಟೇ ನಿಮ್ಮ ವಾಟ. ಗೋಡೆ ಹತ್ರಾನೇ ಜಾಸ್ತಿ ಬಂದ್ರೆ ನೀರು ಮನೆ ಕಡೆಗೇ ಬರ್ತಿದೆ ಅಂತ.

ಕಮ್ಮಿ ಇದ್ರೆ ಮಣ್ಣು ಹಾಕಿ ಪದರ ಪದರವಾಗಿ ದಮ್ಮಸ್ಸು ಮಾಡಿ. ಮರಳು ಬೇಡ, ನೀರು ಅದ್ರೊಳಗಿಂದ ನೇರ ಪಾಯಕ್ಕಿಳಿಯತ್ತೆ. ಹಾಗಂತ ಸಿಕ್ಕಾಪಟ್ಟೆ ಏರಿಸ್ಲೂಬಾರದು. ಗೋಡೆ ಬುಡದಲ್ಲಿ ತೇವ ಮೇಲೇರದಂಗೆ ಹಾಕಿರೋ ಡಿಪಿಸಿ ಪದರ ಇರತ್ತಲ್ಲ, ಮಣ್ಣು ಅದಕ್ಕಿಂತ 6 ಇಂಚು ಕೆಳಗೇ ನಿಲ್ಬೇಕು. ಚೆಂದಕ್ಕೆ ಅಂತ ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಿ ದಿನಾ ನೀರು ಹಾಕೋರು, ಒಳಗಡೆ ಗೋಡೆ ಬಣ್ಣ ಹಕ್ಕಳೆ ಏಳ್ತಿದ್ರೆ ಪೇಂಟ್ ಕಂಪನೀನ ಬೈಬೇಡಿ.

ವಾಟ ಕೊಡೋಕೆ ಜಾಗಾನೇ ಇಲ್ಲ ಅಂದ್ರೆ ಗೋಡೆಯಿಂದ ಸ್ವಲ್ಪ ಆಚೆ ಕಾಲುವೆ ತೋಡಿ, ನೀರು ಬಿಟ್ಟು ಮಣ್ಣು ತಡೆಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪೈಪನ್ನ ತೂತು ಕೆಳಗೆ ಬರೋ ಹಾಗೆ ಇಟ್ಟು ಜಲ್ಲಿ ತುಂಬ್ಬೇಕು, 100 ಅಡಿಗೆ 1 ಅಡಿ ಇಳಿಜಾರು. ಪಾಯಕ್ಕಿಂತ ಆಳ ಮಾತ್ರ ಅಗೀಬೇಡಿ.

ಗೋಡೆ ವಿಷಯಕ್ಕೆ ಬಂದ್ರೆ, ಒಂದು ನಾಣ್ಯ ತಗೊಂಡು ಗಾರೆ ಮೇಲೆ ಕುಟ್ತಾ ಹೋಗಿ, ಡಬ್ ಡಬ್ ಅಂದ ಕಡೆ ಬಿಟ್ಕೊಂಡಿದೆ ಅಂತ ಲೆಕ್ಕ. ಕಿಟಕಿ ಮೇಲಿನ ಸಜ್ಜಾ ತಳದಲ್ಲಿ ಅಂಚಿನ ಹತ್ರ ಉದ್ದಕ್ಕೂ ಒಂದು ಸಣ್ಣ ಗೀರು ಇರತ್ತೆ, ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಲಿ ಅಂತ, ಬಣ್ಣ ಹೊಡ್ದು ಹೊಡ್ದು ಅದು ಮುಚ್ಚಿಹೋಗಿದ್ರೆ ಕೆರೆದು ಬಿಡಿಸಿ. ಬಿಳೀ ಉಪ್ಪು ಬಂದಿದ್ರೆ ಒಣ ಬ್ರಶ್ಶಲ್ಲಿ ಉಜ್ಜಿ, ತೊಳೆದ್ರೆ ಉಪ್ಪು ಕರಗಿ ವಾಪಸ್ ಗೋಡೆಗೇ ಹೋಗತ್ತೆ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯೋದು ನನ್ ಪ್ರಕಾರ ಹುಣ್ಣಿನ ಮೇಲೆ ಪೌಡರ್ ಹಾಕಿದಂಗೆ.

ಬಿರುಕು ಕೊನೆಗೆ. ಕೂದಲೆಳೆಯಂಥವು ಬಹುಪಾಲು ಗಾರೆದು, ತಲೆ ಕೆಡಿಸ್ಕೋಬೇಡಿ. ಸ್ವಲ್ಪ ದಪ್ಪ ಇದ್ರೆ ಎರಡೂ ತುದೀಲಿ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು, ಅಗಲ ಬರೆದಿಡಿ, ಒಂದು ಮಳೆಗಾಲ ಒಂದು ಬೇಸಿಗೆ ಕಳೀಲಿ. 5 ಮಿ.ಮೀ. ದಾಟಿದ್ರೆ, ಇಟ್ಟಿಗೆ ಸಂದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ರೆ, ಬಾಗಿಲು ಇದ್ದಕ್ಕಿದ್ದಂಗೆ ಹಿಡ್ಕೊಳ್ಳೋಕೆ ಶುರುವಾದ್ರೆ ಕಾಯ್ಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನ ಕರೆಸಿ. ಪಕ್ಕದಲ್ಲಿ ದೊಡ್ಡ ಮರ ಇದ್ರೆ ಅವರನ್ನ ಕೇಳದೆ ಕಡೀಬೇಡಿ, ಇಷ್ಟು ವರ್ಷ ಅದು ಹೀರ್ತಿದ್ದ ನೀರು ಜೇಡಿ ಮಣ್ಣಲ್ಲೇ ಉಳಿದು ನೆಲ ಉಬ್ಬೋದೂ ಉಂಟು.

ನಮ್ಮನೆ ಎಲ್ಬೋ ಹಾಕಿಸ್ದ ಮೇಲೆ ಬಿರುಕು ಪೆನ್ಸಿಲ್ ಗೆರೆ ದಾಟ್ಲಿಲ್ಲ. ಮೊನ್ನೆ ಬಣ್ಣ ಹೊಡೆಯೋಕೆ ಬಂದ ಹುಡುಗ ಆ ಗೆರೆ ಅಳಿಸೋಕೆ ಹೋದ, ಅದೊಂದು ಬಿಡಪ್ಪಾ ಅಂದೆ.