ಮುಖ ಕೆಳಗಾಗಿ ಕಟ್ಟುವ ಗಿಟಾರ್

1862ರಲ್ಲಿ ಸ್ಪೇನಿನ ಆಂಟೋನಿಯೊ ದೆ ತೊರೆಸ್ ಬೆನ್ನು ಮತ್ತು ಪಕ್ಕಗಳಿಗೆ ರಟ್ಟು ಬಳಸಿ, ಮುಖಕ್ಕೆ ಮಾತ್ರ ಒಳ್ಳೆಯ ಮರ ಹಾಕಿ ಒಂದು ಗಿಟಾರ್ ಕಟ್ಟಿದ. ದನಿ ಹುಟ್ಟುವುದು ಮುಖದ ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಹಾಗಾಗಿ ಕ್ಲಾಸಿಕಲ್ ಗಿಟಾರ್ ಕಟ್ಟುವವರು ಅತಿ ಹೆಚ್ಚು ತಾಳ್ಮೆ ಕೂಡಿಡಬೇಕಾದದ್ದು ಈ ಹಲಗೆಗೆ.

ಮುಖಕ್ಕೆ ಸ್ಪ್ರೂಸ್ ಅಥವಾ ಕೆಂಪು ಸೀಡರ್ ಮರ. ಒಂದೇ ತುಂಡನ್ನು ಸೀಳಿ, ಪುಸ್ತಕ ಬಿಡಿಸಿದಂತೆ ಎರಡು ಹೋಳುಗಳನ್ನು ಜೋಡಿಸಿ ಅಂಟಿಸಿ. ಆಮೇಲೆ ಕೀಸುಳಿಯಿಂದ ಸುಮಾರು ಎರಡೂವರೆ ಮಿಲಿಮೀಟರಿಗೆ ತೆಳುಮಾಡಿ. ಅಲ್ಲಿಂದ ಮುಂದೆ ಅಳತೆಗೋಲು ಬದಿಗಿರಲಿ. ಹಲಗೆಯ ಮೇಲಂಚಿನ ಬಳಿ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತೂಗುಬಿಟ್ಟು, ನಡುವೆ ಬೆರಳಗೆಣ್ಣಿನಿಂದ ತಟ್ಟಿ. ಮೊದಮೊದಲು ಮಂಕಾದ ಸದ್ದು ಬರುತ್ತದೆ. ಕೀಸುತ್ತ ಹೋದಂತೆ ಸದ್ದು ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಬಾಗಿಸಿದರೆ ಅಡ್ಡಕ್ಕೆ ಬೇಗ ಮಣಿಯಬೇಕು, ಉದ್ದಕ್ಕೆ ಬಿಗಿಯಾಗಿರಬೇಕು. ಇನ್ನೊಂದು ಎಳೆ ತೆಗೆಯಲೇ ಎನ್ನಿಸಿದಾಗ ಕೀಸುಳಿ ಕೆಳಗಿಡುವುದು ಒಳ್ಳೆಯದು. ತೆಗೆದ ಮರವನ್ನು ಮತ್ತೆ ಹಾಕಲಾಗದು.

ಹಲಗೆಯ ಒಳಮೈಗೆ ಬೀಸಣಿಗೆಯಂತೆ ಹರಡಿದ ಏಳು ಸಣ್ಣ ಪಟ್ಟಿಗಳನ್ನು ಅಂಟಿಸುವುದು ತೊರೆಸ್ ರೂಢಿಗೆ ತಂದ ಕ್ರಮ. ಈ ಕೆಲಸ ಸೊಲೇರ ಎಂಬ, ನಡುವೆ ಚೂರು ತಗ್ಗಿರುವ ಹಲಗೆಯ ಮೇಲೆ ನಡೆಯುತ್ತದೆ. ಗಿಟಾರಿನ ಮುಖ ಅದರಲ್ಲಿ ಬೋರಲಾಗಿ ಮಲಗಿ, ಕಣ್ಣಿಗೆ ಕಾಣದಷ್ಟು ಉಬ್ಬು ಪಡೆಯುತ್ತದೆ.

ಬೆನ್ನು, ಪಕ್ಕಗಳಿಗೆ ದಕ್ಷಿಣ ಭಾರತದ ಬೀಟೆ ಇಂದು ಬಹಳ ಜನರ ಆಯ್ಕೆ. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಜಾತಿಯೇ ಅದು. ಎರಡು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಯ ಮೇಲೆ ಒತ್ತಿ. ನೀರು ಸಿಡಿಸಿದರೆ ಹನಿ ಚುರ್ ಎಂದು ಕುಣಿಯುವಷ್ಟು ಕಾವು ಸಾಕು. ಬಲ ಹಾಕಬೇಡಿ. ಮರ ತಾನಾಗಿ ಸಡಿಲಗೊಳ್ಳುವುದು ಅಂಗೈಗೆ ತಿಳಿಯುತ್ತದೆ, ಹಿತವಾದ ಪರಿಮಳವೂ ಏಳುತ್ತದೆ. ಸೊಂಟದ ತಿರುವಿನಲ್ಲಿ ಅವಸರಪಟ್ಟರೆ ಪಟ್ಟಿ ಸೀಳುತ್ತದೆ.

ಸ್ಪೇನಿನ ಕ್ರಮದಲ್ಲಿ ಕತ್ತನ್ನು ಮೊದಲೇ ಮುಖಕ್ಕೆ ಅಂಟಿಸಿ, ಅದರ ಬುಡದ ಸೀಳುಗಳಲ್ಲಿ ಪಕ್ಕಗಳನ್ನು ಕೂರಿಸುತ್ತಾರೆ. ಪಕ್ಕ ಮತ್ತು ಮುಖ ಸೇರುವ ಮೂಲೆಯುದ್ದಕ್ಕೂ ಕಡಲೆಯಷ್ಟು ದೊಡ್ಡ ಮರದ ತುಣುಕುಗಳು, ಒಂದೊಂದೇ. ಬಿಸಿ ಚರ್ಮದಂಟಿನಲ್ಲಿ ಅದ್ದಿ, ಜಾಗಕ್ಕೆ ತಿಕ್ಕಿ, ಅಂಟು ಹಿಡಿಯುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. ಈ ಅಂಟು ಬಿಸಿ ಮತ್ತು ತೇವಕ್ಕೆ ಬಿಡುವುದರಿಂದ ಮುಂದೆ ಎಂದಾದರೂ ರಿಪೇರಿಗೆ ಗಿಟಾರನ್ನು ಬಿಚ್ಚಬಹುದು. ಕೊನೆಗೆ ಬೆನ್ನು ಮುಚ್ಚಿ, ಹಗ್ಗ ಸುತ್ತಿ ಬಿಗಿದು ಒಣಗಲು ಬಿಡಿ. ಕತ್ತಿನ ಮೇಲೆ ಬೆರಳೊತ್ತಿ ನುಡಿಸುವ ಮೆಟ್ಟಿಲುಪಟ್ಟಿಗೆ (ಫ್ರೆಟ್‌ಬೋರ್ಡ್) ಕರಿಮರ (ಎಬೊನಿ) ಹಾಕಿ.

ಹೊಳಪಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಮಿರುಗು ಕೊಡುವ ಅರಗೇ ಇದು. ಬಟ್ಟೆಯ ಉಂಡೆಗೆ ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸಿ, ಸುತ್ತುಸುತ್ತಾಗಿ ತಿಕ್ಕಿ. ಪದರ ಉಸಿರಿನಷ್ಟು ತೆಳುವಾಗಿರಬೇಕು, ದಪ್ಪ ಬಳಿದರೆ ಮುಖದ ದನಿ ಅದುಮಿಹೋಗುತ್ತದೆ. ಇದಕ್ಕೆ ವಾರಗಳೇ ಹಿಡಿಯುತ್ತವೆ.

ಮುಖದ ಮೇಲೆ ತಂತಿಗಳನ್ನು ಹೊರುವ ಕುದುರೆ (ಬ್ರಿಡ್ಜ್) ಅಂಟಿಸಿ, ಆರು ತಂತಿ ಬಿಗಿಯಿರಿ. ಹೊಸ ನೈಲಾನ್ ಹಿಗ್ಗುತ್ತಲೇ ಇರುತ್ತದೆ. ಮೊದಲ ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಶ್ರುತಿ ಮಾಡಬೇಕಾಗುತ್ತದೆ.