ಮಳೆಗಾಲಕ್ಕೆ ಮಾತ್ರ ಬಾಗಿಲು ತೆರೆಯುವ ಶಾಲೆ

ಸಿದ್ದಾಪುರ ತಾಲ್ಲೂಕಿನ ನಮ್ಮೂರಿನಲ್ಲಿ ಕೆಲವು ಮನೆಯವರು ಸೇರಿ ನಡೆಸುವ ಪ್ರಕೃತಿ ಕೇಂದ್ರಕ್ಕೆ ಸ್ವಂತ ಕಟ್ಟಡವಿಲ್ಲ. ನಮ್ಮ ಅಡಿಕೆ ಸುಲಿಯುವ ಮಾಡೇ ಕೇಂದ್ರ. ನವೆಂಬರಿನಿಂದ ಅದರ ತುಂಬ ಅಡಿಕೆ ಗೊನೆ, ಹಂಡೆ, ಸುಲಿಯುವವರ ಹರಟೆ. ಜೂನ್ ಹೊತ್ತಿಗೆ ಖಾಲಿ. ಮೃಗಶಿರ ಮಳೆ ಹಿಡಿದ ವಾರ ಗುಡಿಸಿ, ಕಂಬಳಿ ಹಾಸಿ, ಬಾಗಿಲ ಬಳಿ ಬೂಟುಗಳನ್ನು ಸಾಲಾಗಿ ಇಟ್ಟರೆ ಕೇಂದ್ರ ತೆರೆದ ಹಾಗೆ. ಹುಬ್ಬೆ ಮಳೆ ಮುಗಿಯುವಷ್ಟರಲ್ಲಿ ಮುಚ್ಚುತ್ತೇವೆ.

ವರ್ಷವಿಡೀ ಯಾಕೆ ನಡೆಸುವುದಿಲ್ಲ ಎಂದು ಪೇಟೆಯಿಂದ ಬಂದವರು ಕೇಳುತ್ತಾರೆ. ಒಣ ತಿಂಗಳುಗಳಲ್ಲಿ ಬೇರೆಯವರ ಮಕ್ಕಳನ್ನು ಈ ಕಾಡಿಗೆ ಕರೆದೊಯ್ಯುವ ಧೈರ್ಯ ನನಗಿಲ್ಲ. ಮಂಗನ ಕಾಯಿಲೆ ಹರಡುವ ಉಣುಗಿನ (ರಕ್ತ ಹೀರುವ ಉಣ್ಣೆಯ) ಮರಿಗಳು ತರಗೆಲೆಯಲ್ಲಿ ಹೆಚ್ಚಾಗಿರುವುದು ಆಗಲೇ. 1957ರಲ್ಲಿ ಈ ರೋಗ ಪತ್ತೆಯಾದ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನದು. 2024ರಲ್ಲಿ ನಮ್ಮ ತಾಲ್ಲೂಕಿನಲ್ಲೂ ಕಾಯಿಲೆ ಜೋರಾಗಿತ್ತು. ಜಡಿಮಳೆ ಶುರುವಾದ ಮೇಲೆ ಉಣುಗಿನ ಕಾಟ ತಗ್ಗುತ್ತದೆ, ಕಪ್ಪೆಗಳ ಗದ್ದಲ ಏರುತ್ತದೆ. ಕೇಂದ್ರ ಕಪ್ಪೆಗಳದ್ದಾಯಿತು.

ಕಾರ್ಯಕ್ರಮಕ್ಕೆ ತಾರೀಕು ಹಾಕಿ ನೋಡಿದರೆ ಕೆಲಸ ಕೆಡುತ್ತದೆ. ನಮ್ಮದು ಮಳೆ ನಕ್ಷತ್ರದ ಲೆಕ್ಕ. ಮೃಗಶಿರದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಿಗೆ ನೊರೆಗೂಡು ಅಂಟಿಸುವ ಹಾರುವ ಕಪ್ಪೆ, ಆರಿದ್ರಾ–ಪುನರ್ವಸುವಿಗೆ ಹಳ್ಳದ ಕಪ್ಪೆಗಳು, ಆಶ್ಲೇಷಕ್ಕೆ ಗೊದಮೊಟ್ಟೆ, ಮಘೆಗೆ ಅಣಬೆ. ಮಳೆ ಹೆಚ್ಚಾಗಿ ಶಾಲೆಗೆ ರಜೆ ಘೋಷಣೆಯಾದರೆ ಒಂದು ತಂಡ ತಪ್ಪುತ್ತದೆ, ಅಷ್ಟೆ. ಮುಂದಿನ ವಾರ ಅವರಿಗೆ ಬೇರೆಯದೇ ಪಾಠ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಕೂರುವುದು ಕುಂಬಾರ ಕಪ್ಪೆಯ ಎದುರು. 2014ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ದಾಖಲಿಸಿದರು. ಅಧ್ಯಯನ ನಡೆದದ್ದು ಇಲ್ಲೇ ಕತ್ತಲೆಕಾನು ಎಂಬ ಕಾಡಿನ ಕಡೆ. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆಯಿಟ್ಟು ಹೊರಡುತ್ತದೆ. ಗಂಡು ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ಹಳ್ಳದ ತಳದಿಂದ ಮುಂಗಾಲಿನಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಎತ್ತುತ್ತದೆ. ಮೊಟ್ಟೆ ಒಣಗದಂತೆ, ಕಣ್ಣಿಗೆ ಬೀಳದಂತೆ ಇರಲಿ ಎಂಬುದು ಈ ಮೆತ್ತುವಿಕೆಯ ಉದ್ದೇಶ ಎನ್ನುತ್ತಾರೆ. ಇದನ್ನು ನೋಡಲು ಸಿಗುವುದು ಅದೃಷ್ಟ. ಎಷ್ಟೋ ರಾತ್ರಿ ಬರೀ ಕೆಸರು ಮೆತ್ತಿದ ಕಡ್ಡಿ ತೋರಿಸಿ ವಾಪಸು ಬರುತ್ತೇವೆ. ಮಕ್ಕಳಿಗೆ ಅದೂ ಸಾಕು. ಬೇಸರ ಪಡುವವರು ಕ್ಯಾಮೆರಾ ಹೊತ್ತು ತಂದ ದೊಡ್ಡವರು. ಫ್ಲ್ಯಾಶ್ ಬೇಡ, ಕಪ್ಪೆಯನ್ನು ಎತ್ತಿ ಒಳ್ಳೆಯ ಎಲೆಯ ಮೇಲೆ ಕೂರಿಸುವುದು ಬೇಡ ಎಂದರೆ ಕೆಲವರ ಮುಖ ಸಪ್ಪಗಾಗುತ್ತದೆ. ಅಂಥವರನ್ನು ಎರಡನೇ ಸಲ ಕರೆಯುವುದಿಲ್ಲ.

ಉಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯ ಹೇಳಲೇಬೇಕು. ಹೊರಗಿನಿಂದ ಬಂದವರು ಕಾಲಿಗೆ ಹೊಗೆಸೊಪ್ಪಿನ ಪುಡಿ, ಉಪ್ಪು, ಇನ್ನೇನೋ ಮುಲಾಮು ಬಳಿದುಕೊಂಡು ಅದೇ ಕೈಯಲ್ಲಿ ಕಪ್ಪೆ ಮುಟ್ಟಲು ಹೋಗುತ್ತಾರೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ. ಕೈಯಲ್ಲಿದ್ದದ್ದೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ಬೂಟು ನಮ್ಮದು, ಉಪ್ಪು ಮನೆಯಲ್ಲೇ. ಉಂಬಳ ಹತ್ತಿದರೆ ಉಗುರಿನಿಂದ ಅದರ ಬಾಯಿಯ ಬಳಿ ಸರಿಸಿ ಬಿಡಿಸುವುದನ್ನು ಮೊದಲ ಪಾಠವಾಗಿ ಕಲಿಸುತ್ತೇವೆ. ಕಲಿತ ಮಗು ಆಮೇಲೆ ಮೇಷ್ಟರ ಕಾಲಿನ ಉಂಬಳವನ್ನೂ ಬಿಡಿಸುತ್ತದೆ.

ಗೋಡೆಗೆ ಚಾರ್ಟು ಹಾಕುವುದನ್ನು ನಿಲ್ಲಿಸಿದ್ದೇವೆ. ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಎಂಬ ಪಠ್ಯಪುಸ್ತಕದ ಚಿತ್ರ ಮಕ್ಕಳಿಗೆ ಬಾಯಿಪಾಠ. ಅಂಗಳದಂಚಿನ ಪೊದೆಗಪ್ಪೆಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಳಗಿಂದ ನೇರ ಪುಟ್ಟ ಕಪ್ಪೆ ಹೊರಬರುತ್ತದೆ ಎಂದರೆ ನಂಬುವುದಿಲ್ಲ. ತೋರಿಸುತ್ತೇವೆ. ಆಮೇಲೆ ವಾದ ಶುರುವಾಗುತ್ತದೆ, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಎಂದು. ಆ ಪ್ರಶ್ನೆಯನ್ನು ಜೊತೆಗೆ ಬಂದ ಶಿಕ್ಷಕರಿಗೇ ಬಿಡುತ್ತೇನೆ.

ದಾರಿ ತೋರಿಸುವವರು ನಮ್ಮ ತೋಟದ ಕೊನೆಗೌಡರು. ಮರ ಹತ್ತಿ ಕೊಳೆರೋಗಕ್ಕೆ ಔಷಧ ಹೊಡೆಯುವ ಅವರಿಗೆ ಯಾವ ಹಳ್ಳದಲ್ಲಿ ಯಾವ ಸದ್ದು ಎಂಬುದು ನನಗಿಂತ ಚೆನ್ನಾಗಿ ಗೊತ್ತು. ಆ ರಾತ್ರಿಗೆ ಔಷಧ ಹೊಡೆಯುವ ದಿನದ ಕೂಲಿಯನ್ನೇ ಕೊಡುತ್ತೇವೆ. ಸಾಂಕೇತಿಕ ಗೌರವಧನ ಎಂಬ ಮಾತೇ ನನಗೆ ಆಗದು. ಅವರು ಹೇಳಿದ ಮೇಲೆಯೇ ಆ ಔಷಧಕ್ಕೆ ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣ ಕಲಸುವ ಡ್ರಮ್ಮಿಗೆ ಮುಚ್ಚಳ ಮಾಡಿಸಿದೆವು. ಡ್ರಮ್ಮಿನ ಮೇಲೆ ಬಾಗಿದ ಕೊಂಬೆಗೆ ಹಾರುವ ಕಪ್ಪೆ ಗೂಡು ಕಟ್ಟಿದರೆ ಗೊದಮೊಟ್ಟೆಗಳು ಉದುರುವುದು ತಾಮ್ರದ ನೀರಿಗೆ. ಈಗ ಪಕ್ಕದಲ್ಲೊಂದು ಮಳೆನೀರಿನ ಟಬ್ ಇದೆ, ಅದರ ಉಸ್ತುವಾರಿ ಊರ ಮಕ್ಕಳದು.

ನಡೆದಾಟ ತೋಟದಂಚು ಮತ್ತು ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಸೀಮಿತ. ಬೆಟ್ಟವೂ ಕಾಗದದಲ್ಲಿ ಅರಣ್ಯವೇ, ಅದಕ್ಕೇ ಹಂಗಾಮಿಗೆ ಮೊದಲು ಅರಣ್ಯ ಇಲಾಖೆಗೆ ಬರೆದುಕೊಟ್ಟು ಒಪ್ಪಿಗೆ ಪಡೆಯುತ್ತೇವೆ. ತಂಡದಲ್ಲಿ ಹದಿನೈದು ಜನ ದಾಟಿದರೆ ಕಪ್ಪೆಗಳು ಸುಮ್ಮನಾಗುತ್ತವೆ, ಬಂದವರು ಮಾತನಾಡತೊಡಗುತ್ತಾರೆ.

ಸುತ್ತಲಿನ ಶಾಲೆಗಳಿಗೆ ಶುಲ್ಕವಿಲ್ಲ, ಹೊರಗಿನವರಿಗೆ ಇದೆ. ಬಂದದ್ದು ಕೂಲಿ, ಟಾರ್ಚಿನ ಸೆಲ್ಲು ಮತ್ತು ಸಂಜೆಯ ಅವಲಕ್ಕಿಗೆ ಸರಿಹೋಗುತ್ತದೆ. ದೊಡ್ಡ ಖರ್ಚು ಬೂಟಿನದು. ಊರ ಮಕ್ಕಳ ಪಾದ ಮಳೆಗಾಲಕ್ಕೊಂದು ಅಳತೆ ಬೆಳೆಯುತ್ತದೆ. ಹಳೆಯ ಜೋಡಿಗಳು ತಮ್ಮಂದಿರಿಗೆ ಇಳಿಯುತ್ತವೆ, ಅಣ್ಣಂದಿರಿಗೆ ಪ್ರತಿ ಮೇ ತಿಂಗಳಲ್ಲೂ ಹೊಸದು ತರಬೇಕು.