ದತ್ತು ಮಗುವಿನ ಕಡತವನ್ನು ಓದುವ ಬಗೆ: ಕೊರಿಯಾದ ಅನುಭವದಿಂದ ಕಲಿಯಬೇಕಾದದ್ದು

ಮೈಸೂರು, ಮಂಡ್ಯದ ಕಡೆಯಿಂದ ದತ್ತು ಮಗುವಿಗಾಗಿ ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು, ಒಂದು ದಿನ ಇದ್ದಕ್ಕಿದ್ದಂತೆ ಮೊಬೈಲಿಗೆ ಬಂದ ಸಂದೇಶ ನೋಡಿ ಕೈಕಾಲು ಆಡದೆ ಕುಳಿತ ದಂಪತಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ಜಾಲತಾಣದಲ್ಲಿ ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ಕಾಣಿಸಿಕೊಳ್ಳುತ್ತವೆ. ಮಗುವನ್ನು ಕಾಯ್ದಿರಿಸಲು ಇರುವುದು 48 ಗಂಟೆ. ಆ ಹೊತ್ತಿನಲ್ಲಿ ಎಲ್ಲರೂ ಫೋಟೊ ನೋಡುತ್ತಾರೆ, ಕೆಲವರು ತೂಕವನ್ನೂ ರಕ್ತಪರೀಕ್ಷೆಯನ್ನೂ ನೋಡುತ್ತಾರೆ, ಉಳಿದ ಸಾಲುಗಳನ್ನು ಓದುವವರು ಅಪರೂಪ. ನಾನು ಮಂಡ್ಯ ಜಿಲ್ಲೆಯ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬಹುಕಾಲ ಕಳೆದವನು, ದತ್ತು ಮಗಳೊಬ್ಬಳ ತಂದೆಯೂ ಹೌದು. ಕಡತ ಓದುವುದನ್ನು ಬಲ್ಲ ನಾನೇ ನನ್ನ ಮಗಳ ಕಡತದ ಮುಂದೆ ಹೇಗೆ ಕುರುಡನಾದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಡತಕ್ಕೆ ಕೈಹಚ್ಚುವ ಮೊದಲು ದಕ್ಷಿಣ ಕೊರಿಯಾದ ಕಥೆ ತಿಳಿದಿರುವುದು ಒಳ್ಳೆಯದು. ಅಷ್ಟು ದೀರ್ಘಕಾಲ, ಅಷ್ಟು ಮಕ್ಕಳನ್ನು, ಅಷ್ಟು ಅಚ್ಚುಕಟ್ಟಾದ ಕಾಗದಗಳೊಂದಿಗೆ ಹೊರದೇಶಗಳಿಗೆ ಕಳಿಸಿ, ಕೊನೆಗೆ ಆ ಕಾಗದಗಳಲ್ಲಿ ಎಷ್ಟೋ ಸುಳ್ಳೆಂದು ಸರ್ಕಾರದ ಆಯೋಗವೇ ಹೇಳಬೇಕಾಗಿ ಬಂದ ದೇಶ ಅದು.

ಕೊರಿಯಾದ ಯುದ್ಧ 1953ರಲ್ಲಿ ನಿಂತಾಗ ಅಲ್ಲಿ ದಿಕ್ಕಿಲ್ಲದ ಮಕ್ಕಳಿದ್ದರು, ಅಮೆರಿಕದ ಸೈನಿಕರಿಗೂ ಕೊರಿಯಾದ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳೂ ಇದ್ದರು. ಕುಲದ ರಕ್ತವನ್ನೇ ದೊಡ್ಡದಾಗಿ ಕಾಣುವ ಸಮಾಜ ಈ ಎರಡನೆಯವರನ್ನು ತನ್ನವರೆನ್ನಲಿಲ್ಲ. ಸಿಂಗ್‌ಮನ್ ರೀ ಅವರ ಸರ್ಕಾರಕ್ಕೆ ಅವರನ್ನು ಹೊರಗೆ ಕಳಿಸುವುದೇ ಸುಲಭದ ದಾರಿಯಾಗಿ ಕಂಡಿತು. 1955ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಹ್ಯಾರಿ ಮತ್ತು ಬರ್ಥಾ ಹೋಲ್ಟ್ ದಂಪತಿ, ತಮಗಾಗಿಯೇ ಅಮೆರಿಕದ ಸಂಸತ್ತು ಮಾಡಿದ ವಿಶೇಷ ಕಾಯ್ದೆಯ ಬಲದಿಂದ, ಎಂಟು ಮಕ್ಕಳನ್ನು ದತ್ತು ಪಡೆದರು. ಮರುವರ್ಷ ತಮ್ಮ ಹೆಸರಿನಲ್ಲೇ ದತ್ತು ಕಾರ್ಯಕ್ರಮವನ್ನು ಆರಂಭಿಸಿದರು. ಆ ದಿನಗಳಲ್ಲಿ ದತ್ತು ಪಡೆಯುವವರು ಕೊರಿಯಾದ ಮಣ್ಣು ಮೆಟ್ಟಬೇಕಾಗಿಯೂ ಇರಲಿಲ್ಲ. ಪ್ರತಿನಿಧಿಯೊಬ್ಬ ಅಲ್ಲಿ ಅವರ ಪರವಾಗಿ ಕೆಲಸ ಮುಗಿಸಿದರೆ ಮಗು ವಿಮಾನದಲ್ಲಿ ಬರುತ್ತಿತ್ತು.

ಇಲ್ಲಿಯವರೆಗಿನದನ್ನು ಕರುಣೆಯ ಕಥೆ ಎನ್ನಬಹುದೇನೋ. ವಿಚಿತ್ರವೆಂದರೆ, ಯುದ್ಧದ ಗಾಯ ಮಾಗಿ ದೇಶ ಸಿರಿವಂತವಾಗುತ್ತ ಹೋದಂತೆ ಹೊರಗೆ ಹೋಗುವ ಮಕ್ಕಳ ಸಂಖ್ಯೆ ಇಳಿಯಲಿಲ್ಲ, ಏರಿತು. 1985ರ ಒಂದೇ ವರ್ಷದಲ್ಲಿ 8,837 ಮಕ್ಕಳು ಹೋದರು, ಎಂದರೆ ದಿನಕ್ಕೆ 24. ಅಷ್ಟು ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಯುದ್ಧದ ಅನಾಥರಲ್ಲ, ಮದುವೆಯಾಗದ ತಾಯಂದಿರ ಮಕ್ಕಳು, ಬಡವರ ಮಕ್ಕಳು. ತಾಯಿಗೆ ನೆರವು ಕೊಟ್ಟು ಮಗುವನ್ನು ಅವಳ ಮಡಿಲಲ್ಲೇ ಉಳಿಸುವ ವ್ಯವಸ್ಥೆ ಕಟ್ಟುವುದಕ್ಕಿಂತ ಮಗುವನ್ನು ಕಳಿಸುವುದು ಸೈನಿಕ ಸರ್ಕಾರಗಳಿಗೆ ಅಗ್ಗವಾಗಿತ್ತು, ಮಗುವಿಗಿಷ್ಟು ಎಂದು ಶುಲ್ಕ ಪಡೆಯುವ ಸಂಸ್ಥೆಗಳಿಗೆ ಲಾಭವಾಗಿತ್ತು. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ವಿದೇಶದ ಪತ್ರಕರ್ತರು ಇದನ್ನು ಮಕ್ಕಳ ರಫ್ತು ಎಂದು ಬರೆದ ಮೇಲೆಯೇ ಆ ದೇಶಕ್ಕೆ ನಾಚಿಕೆಯಾದದ್ದು. ಒಟ್ಟು ಹೋದವರು ಸುಮಾರು 2 ಲಕ್ಷ ಎಂಬ ಅಂದಾಜಿದೆ. ಹೆಚ್ಚಿನವರು ಅಮೆರಿಕಕ್ಕೆ, ಉಳಿದವರು ಸ್ವೀಡನ್, ಡೆನ್ಮಾರ್ಕ್, ಫ್ರಾನ್ಸ್, ನೆದರ್‌ಲೆಂಡ್ಸ್ ಮೊದಲಾದ ದೇಶಗಳಿಗೆ.

ಈಗ ಕಾಗದದ ವಿಷಯ. ಕೊರಿಯಾದಲ್ಲಿ ಹೋಜುಕ್ ಎಂಬ ಕುಟುಂಬ ದಾಖಲೆ ಇತ್ತು. ಯಜಮಾನನ ಹೆಸರಿನ ಕೆಳಗೆ ಮನೆಮಂದಿಯೆಲ್ಲ ಬರುತ್ತಿದ್ದರು. ದತ್ತು ಸಂಸ್ಥೆಗಳು ಹೊರದೇಶಕ್ಕೆ ಕಳಿಸುವ ಮಗುವಿಗೆ ‘ಅನಾಥ ಹೋಜುಕ್’ ಮಾಡಿಸುತ್ತಿದ್ದವು. ಆ ಹಾಳೆಯಲ್ಲಿ ಮಗುವೊಂದೇ, ತಾನೇ ಯಜಮಾನ, ಹಿಂದೆ ಮುಂದೆ ಯಾರೂ ಇಲ್ಲ. ತಂದೆತಾಯಿ ಯಾರೆಂದು ಗೊತ್ತಿದ್ದಾಗಲೂ ಹೀಗೇ ಬರೆಯುತ್ತಿದ್ದರು, ಏಕೆಂದರೆ ಅನಾಥ ಮಗುವಿಗೆ ಯಾರ ಒಪ್ಪಿಗೆಯೂ ಬೇಡ, ವೀಸಾ ಬೇಗ ಸಿಗುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನಿನ ಪಾಲು ಕೊಡಬೇಕಾದೀತೆಂದು ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸಿದ ವಂಶವೃಕ್ಷಗಳನ್ನು ನಾನು ಕೈಯಾರೆ ಎತ್ತಿಟ್ಟಿದ್ದೇನೆ. ಸಾಕ್ಷಿಗಳ ಸಹಿ, ಮೊಹರು, ದಿನಾಂಕ ಎಲ್ಲ ಸರಿಯಿರುತ್ತದೆ, ಮನುಷ್ಯರೇ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದೂ ನಡೆಯಿತು: ಕಳಿಸಲು ಸಿದ್ಧವಾಗಿದ್ದ ಮಗು ತೀರಿಕೊಂಡರೆ, ಅಥವಾ ಹೆತ್ತವರು ಬಂದು ಕರೆದೊಯ್ದರೆ, ಅದೇ ಕಾಗದದ ಮೇಲೆ ಇನ್ನೊಂದು ಮಗುವನ್ನು ಕಳಿಸಿದ ಪ್ರಕರಣಗಳಿವೆ. 11 ದೇಶಗಳಿಗೆ ಹೋಗಿ ಬೆಳೆದ 367 ಮಂದಿ ದೂರು ಕೊಟ್ಟ ಮೇಲೆ, 2025ರ ಮಾರ್ಚ್ 26ರಂದು ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ ಮೊದಲ ಕಂತಿನಲ್ಲಿ 56 ಮಂದಿಯ ಮಾನವ ಹಕ್ಕು ಉಲ್ಲಂಘನೆಯಾಗಿದೆಯೆಂದೂ ಸರ್ಕಾರವೇ ಇದಕ್ಕೆ ಹೊಣೆಯೆಂದೂ ಹೇಳಿತು. ಅದೇ ವರ್ಷದ ಅಕ್ಟೋಬರ್ 2ರಂದು ಅಧ್ಯಕ್ಷ ಲೀ ಜೇ ಮ್ಯುಂಗ್ ಕ್ಷಮೆ ಕೇಳಿದರು.

ಇನ್ನು ನಿಮ್ಮ ಮುಂದಿರುವ ಕಡತ. ಮೊದಲು ಅದು ಯಾವ ಬಗೆಯದೆಂದು ನೋಡಿ: ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಎದುರು ಒಪ್ಪಿಸಿದ ಮಗುವೋ, ಎಲ್ಲೋ ಬಿಟ್ಟುಹೋದದ್ದು ಸಿಕ್ಕ ಮಗುವೋ. ಒಪ್ಪಿಸಿದ ಮಗುವಾದರೆ ಹೆತ್ತವರಿಗೆ ಮನಸ್ಸು ಬದಲಾಯಿಸಲು 60 ದಿನಗಳ ಕಾಲಾವಕಾಶವಿದೆ. ಸಿಕ್ಕ ಮಗುವಾದರೆ ಹೆತ್ತವರ ಹುಡುಕಾಟ ನಡೆದು, ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳೊಳಗೆ, ದೊಡ್ಡದಾದರೆ ನಾಲ್ಕು ತಿಂಗಳೊಳಗೆ, ಸಮಿತಿ ಅದನ್ನು ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ಈ ದಿನಗಳನ್ನು ಎಷ್ಟೋ ಜನ ಸುಮ್ಮನೆ ಕಾಯಿಸುವ ಸರ್ಕಾರಿ ಚಾಳಿ ಎಂದು ಬೈಯುತ್ತಾರೆ. ಬೈಯಬೇಡಿ. ಹೆರಿಗೆಯಾದ ಏಳು ದಿನ ಕಳೆಯುವವರೆಗೆ ತಾಯಿಯ ಒಪ್ಪಿಗೆ ಪಡೆಯಕೂಡದು, ದತ್ತುವಿಗೆ ನ್ಯಾಯಾಲಯದ ಅನುಮತಿ ಬೇಕು ಎಂಬ ನಿಯಮ ಕೊರಿಯಾದಲ್ಲಿ ಜಾರಿಗೆ ಬಂದದ್ದು 2012ರಲ್ಲಿ, ಮಕ್ಕಳು ಹೊರಗೆ ಹೋಗಲು ಶುರುವಾಗಿ ಅರ್ಧ ಶತಮಾನ ದಾಟಿದ ಮೇಲೆ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಕಡತದಲ್ಲಿರುವ ಎಲ್ಲ ದಿನಾಂಕಗಳನ್ನೂ ಒಂದರ ಕೆಳಗೊಂದು ಬರೆಯಿರಿ: ಹುಟ್ಟಿದ ದಿನ, ಸಿಕ್ಕ ದಿನ, ಪೊಲೀಸರಿಗೆ ತಿಳಿಸಿದ ದಿನ, ಸಂಸ್ಥೆಗೆ ಸೇರಿದ ದಿನ, ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನ, ಸಮಿತಿಯ ಆದೇಶದ ದಿನ. ಪಕ್ಕದಲ್ಲಿ ಆ ದಿನಾಂಕ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿ. ಜಾಲತಾಣದಲ್ಲಿ ಎಲ್ಲ ಕಾಗದವೂ ಇರುವುದಿಲ್ಲ. ಮಗುವನ್ನು ನೋಡಲು ವಿಶೇಷ ದತ್ತು ಸಂಸ್ಥೆಗೆ ಹೋದ ದಿನ ಉಳಿದದ್ದನ್ನು ಕೇಳಿ ಓದಿ. ಬಳಿಕ ಸ್ಥಳ, ಗುರುತು, ಹೆಸರು ಇವುಗಳನ್ನೂ ಹೀಗೇ ಎದುರುಬದುರು ಇಟ್ಟು ನೋಡಿ. ಒಂದು ಹಾಳೆಯಲ್ಲಿ ಎಡಗೆನ್ನೆಯ ಮೇಲೆ ಮಚ್ಚೆ ಇದ್ದು ಇನ್ನೊಂದರಲ್ಲಿ ಬಲಗೆನ್ನೆಗೆ ಹಾರಿದ್ದರೆ ಅದು ಬರೆದವರ ಕಣ್ತಪ್ಪೇ ಇರಬಹುದು, ಹತ್ತರಲ್ಲಿ ಒಂಬತ್ತು ಸಲ ಹಾಗೆಯೇ. ಆದರೆ ಕಣ್ತಪ್ಪನ್ನು ತಿದ್ದಬಲ್ಲವರು ಇನ್ನೂ ಕುರ್ಚಿಯಲ್ಲಿರುವ ದಿನವೇ ಅದನ್ನು ತಿದ್ದಿಸಿಕೊಳ್ಳಬೇಕು.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ನನ್ನ ಮಗಳ ಕಡತದಲ್ಲಿ ಒಂದು ಹಾಳೆ ಅವಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಿಕ್ಕಳೆಂದು ಹೇಳುತ್ತಿತ್ತು. ಎರಡು ಪುಟ ದಾಟಿದರೆ, ಅದೇ ದಿನಾಂಕ, ಬೇರೆ ಕೈಬರಹ, ಆಸ್ಪತ್ರೆಯ ಜಗಲಿ ಎಂದಿತ್ತು. ‘ಜಗಲಿ’ಯ ಮೇಲೆ ಯಾರೋ ಸಣ್ಣದಾಗಿ ಗೀಟು ಎಳೆದು, ಷರಾ ಬರೆಯದೆ ಬಿಟ್ಟಿದ್ದರು. ಷರಾ ಇಲ್ಲದ ಗೀಟನ್ನು ಕಂಡರೆ ಕಚೇರಿಯಲ್ಲಿ ಕಡತ ವಾಪಸು ಕಳಿಸುತ್ತಿದ್ದವನು ನಾನು. ಅಂದು ಮಾತ್ರ ಪುಟ ಮಗುಚಿ ಮುಂದೆ ಹೋದೆ. ಪ್ರಶ್ನೆ ಕೇಳಿದರೆ ಮಗು ಮನೆಗೆ ಬರುವುದು ತಡವಾದೀತು, ಬಾರದೆಯೂ ಹೋದೀತು ಎಂಬ ಭಯ. ಹೆಂಡತಿ ಆಗಲೇ ತೊಟ್ಟಿಲಿಗೆ ಬಟ್ಟೆ ಹೊಲಿಸಿದ್ದಳು. ಕೆಲವು ವರ್ಷಗಳ ಮೇಲೆ ಕೇಳೋಣವೆಂದು ಹೋದಾಗ ಆ ಸಂಸ್ಥೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಕೊರಿಯಾದ ಮಕ್ಕಳನ್ನು ಸಾಕಿದ ಅಮೆರಿಕ, ಯುರೋಪಿನ ತಂದೆತಾಯಂದಿರಲ್ಲಿ ಬಹುಪಾಲು ಜನ ಕೆಟ್ಟವರಲ್ಲ. ನನ್ನ ಹಾಗೆಯೇ ಮಗುವಿನ ಮುಖ ನೋಡಿ, ಪ್ರಶ್ನೆ ನುಂಗಿಕೊಂಡವರು. ಆ ವ್ಯವಸ್ಥೆ ನಡೆದದ್ದು ಈ ನುಂಗಿಕೊಂಡ ಪ್ರಶ್ನೆಗಳ ಬಲದಿಂದಲೂ ಹೌದೆಂಬುದು ನನ್ನ ಅನಿಸಿಕೆ.

ಆದ್ದರಿಂದ ಅನುಮಾನ ಬಂದದ್ದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ. ಸಂಸ್ಥೆಗೆ ಒಂದು ಪುಟದ ಪತ್ರ, ಅದರ ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಯಾವ ಪುಟ, ಯಾವ ಸಾಲು ಎಂಬುದಷ್ಟೇ ಇರಲಿ, ಆರೋಪದ ಧಾಟಿ ಬೇಡ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಹಿಂಬರಹ ಕೊಡಿ ಎಂದು ವಿನಯದಿಂದಲೇ ಪಟ್ಟು ಹಿಡಿಯಿರಿ. ಉತ್ತರ ‘ಮಾಹಿತಿ ಲಭ್ಯವಿಲ್ಲ’ ಎಂದೇ ಬಂದರೂ ಅದು ಸಹಿಯಿರುವ ಉತ್ತರ. ಇಪ್ಪತ್ತು ವರ್ಷದ ಮೇಲೆ ನಿಮ್ಮ ಮಗು ಅದನ್ನು ಹಿಡಿದು ಮುಂದಿನ ಬಾಗಿಲು ತಟ್ಟಬಹುದು. ಹಾಗೆಯೇ, ನರ್ಸಿಂಗ್ ಹೋಮಿನ ಪರಿಚಯಸ್ಥರಿಂದ ಮಗು ಕೊಡಿಸುತ್ತೇನೆ, ಹೆರಿಗೆಯ ದಾಖಲೆಯಲ್ಲೇ ನಿಮ್ಮ ಹೆಸರು ಬರೆಸುತ್ತೇನೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಬಾಲನ್ಯಾಯ ಕಾಯ್ದೆಯಲ್ಲಿ ಅದು ಜೈಲುಶಿಕ್ಷೆಯ ಅಪರಾಧ ಎಂಬುದು ಒಂದು ಮಾತು. ನೀವೇ ಹೆತ್ತಿರಿ ಎಂಬ ಕಾಗದವೂ ಅನಾಥ ಹೋಜುಕ್ಕಿನ ತಂಗಿಯೇ ಎಂಬುದು ಇನ್ನೊಂದು.

ನಮ್ಮ ದೇಶವೂ ಈ ವಿಷಯದಲ್ಲಿ ಗಂಗೆಯಲ್ಲಿ ಮಿಂದು ಬಂದದ್ದಲ್ಲ. ಭಾರತದ ಮಕ್ಕಳನ್ನು ಹೊರದೇಶದವರಿಗೆ ಕೊಡುವಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡು ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮಗಳನ್ನು ವಿಧಿಸಿತು. ಮಗುವಿಗೆ ಮೊದಲು ಸ್ವದೇಶದಲ್ಲಿ ಮನೆ ಹುಡುಕಬೇಕು ಎಂಬ ತತ್ತ್ವ ಗಟ್ಟಿಯಾದದ್ದು ಅಲ್ಲಿಂದ. ದತ್ತುವಿನ ಅಂತರರಾಷ್ಟ್ರೀಯ ಹೇಗ್ ಒಪ್ಪಂದವನ್ನು ಭಾರತ 2003ರಲ್ಲೇ ಅನುಮೋದಿಸಿತು. ಕೊರಿಯಾದಲ್ಲಿ ಅದು ಜಾರಿಗೆ ಬಂದದ್ದು 2025ರ ಅಕ್ಟೋಬರ್ 1ರಂದು. ಖಾಸಗಿ ಸಂಸ್ಥೆಗಳ ಕೈಯಿಂದ ದತ್ತು ವ್ಯವಹಾರ ಸರ್ಕಾರದ ಕೈಗೆ ಬಂದದ್ದೂ ಆ ವರ್ಷದ ಜುಲೈಯಲ್ಲಿ.

ಮಗು ಮನೆಗೆ ಬಂದ ಮೇಲೆ ಕಾಗದದ ಕೆಲಸ ಮುಗಿಯಿತೆಂದು ಕೂರುವಂತಿಲ್ಲ. ನಮ್ಮ ಕಾಲಕ್ಕೆ ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು 2022ರಿಂದ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಅದನ್ನು ಪಡೆದು, ಅದರ ಆಧಾರದ ಮೇಲೆ ಜನನ ಪ್ರಮಾಣಪತ್ರ ಮಾಡಿಸಿ, ಎರಡು ವರ್ಷ ಆರು ತಿಂಗಳಿಗೊಮ್ಮೆ ನಡೆಯುವ ಅನುಸರಣೆ ಭೇಟಿಗಳ ವರದಿಯ ಪ್ರತಿಯನ್ನೂ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಎಷ್ಟೋ ಸಾಕುತಂದೆತಾಯಂದಿರು ಮಗುವಿಗೆ ಪೌರತ್ವ ಮಾಡಿಸುವುದನ್ನೇ ಮರೆತರು. 2000ನೇ ಇಸವಿಯ ಕಾಯ್ದೆ ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ಕೊಟ್ಟಿತಾದರೂ, 2001ರ ಫೆಬ್ರವರಿ 27ಕ್ಕೆ 18 ವರ್ಷ ತುಂಬಿದ್ದವರನ್ನು ಹೊರಗಿಟ್ಟಿತು. ಅವರಲ್ಲಿ ಕೆಲವರು ತಪ್ಪು ಮಾಡಿ ಸಿಕ್ಕಿಬಿದ್ದಾಗ, ಭಾಷೆಯೂ ಬಾರದ ಕೊರಿಯಾಕ್ಕೆ ಗಡೀಪಾರಾದರು.

ಕಡತ ಇಡುವ ವಿಷಯದಲ್ಲಿ ರೆಕಾರ್ಡ್ ರೂಮಿನವನ ಮಾತು ಕೇಳಿ. ಮೂಲಪ್ರತಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪು ಬೇಡ, ಜಂಗು ಹಿಡಿಯುವ ಪಿನ್ನು ಬೇಡ. ಹತ್ತಿಯ ದಾರದಲ್ಲಿ ಕಟ್ಟಿ, ಪ್ರತಿ ಪುಟಕ್ಕೂ ಪೆನ್ಸಿಲ್ಲಿನಲ್ಲಿ ಸಂಖ್ಯೆ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಸ್ಕ್ಯಾನ್ ಮಾಡಿದ ಪ್ರತಿ ಬೇರೆಡೆ ಇರಲಿ. ಮಗುವಿನ ಜೊತೆ ಬಂದ ಬಟ್ಟೆ, ಕೈಗೆ ಕಟ್ಟಿದ ಕರಿದಾರ, ಸಂಸ್ಥೆಯಲ್ಲಿ ಕರೆಯುತ್ತಿದ್ದ ಹೆಸರು, ಇವೂ ದಾಖಲೆಯೇ.

ಮಗುವಿಗೆ ಯಾವಾಗ ಹೇಳುವುದು ಎಂದು ಎಲ್ಲರೂ ಕೇಳುತ್ತಾರೆ. ಮಾತು ತಿಳಿಯುವ ಮೊದಲೇ ಶುರುಮಾಡಿ; ಹೇಳಲು ಮುಹೂರ್ತ ನೋಡುವವರು ಹೇಳುವುದೇ ಇಲ್ಲ. ಮೈಸೂರಿನವರಿಗೆ ಇದು ಹೊಸದಾಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು, 2015ರಲ್ಲಿ ಯದುವೀರರ ದತ್ತು ನಡೆದದ್ದು ಎಲ್ಲವೂ ಊರೆಲ್ಲ ನೋಡುವಂತೆ ನಡೆಯಿತು. ಹೆತ್ತವರು ಯಾರೆಂಬುದು ಗುಟ್ಟಾಗಿರಲಿಲ್ಲ, ಅದರಿಂದ ಸಿಂಹಾಸನದ ತೂಕವೇನೂ ಕಡಿಮೆಯಾಗಲಿಲ್ಲ. ಅರಮನೆಗೆ ಒಪ್ಪಿದ್ದು ಅಗ್ರಹಾರದ ಮನೆಗೂ ವಿದ್ಯಾನಗರದ ಫ್ಲಾಟಿಗೂ ಏಕೆ ಒಪ್ಪುವುದಿಲ್ಲವೋ ತಿಳಿಯದು. ಮಗುವಿನ ಮೂಲದ ವಿವರಗಳನ್ನು ನೆಂಟರಿಗೆಲ್ಲ ಹಂಚಬೇಕಾಗಿಲ್ಲ. ಅವು ಮಗುವಿನವು, ಯಾರಿಗೆ ಹೇಳಬೇಕೆಂಬುದನ್ನು ಅದೇ ಮುಂದೆ ತೀರ್ಮಾನಿಸಲಿ.

18 ತುಂಬಿದ ಮೇಲೆ ಮೂಲವನ್ನು ಹುಡುಕಲು ಮಗು ತಾನೇ ಕಾರಾಕ್ಕೆ ಅಥವಾ ದತ್ತು ಕೊಟ್ಟ ಸಂಸ್ಥೆಗೆ ಅರ್ಜಿ ಕೊಡಬಹುದು. ಅದಕ್ಕಿಂತ ಚಿಕ್ಕವರಾದರೆ ನಿಮ್ಮ ಜೊತೆಗೂಡಿ ಕೊಡಬೇಕು. ಮೂರನೆಯವರನ್ನು ನೇಮಿಸಿ ಹುಡುಕಿಸಲು ನಿಯಮದಲ್ಲಿ ಅವಕಾಶವಿಲ್ಲ, ಹೆತ್ತವರು ತಮ್ಮ ಗುರುತು ತಿಳಿಸಲು ಒಪ್ಪದಿದ್ದರೆ ಅದನ್ನು ಗೌರವಿಸಬೇಕಾಗುತ್ತದೆ. ಕೊರಿಯಾದಲ್ಲೂ ಹೆತ್ತವರ ಒಪ್ಪಿಗೆ ಬೇಕು. ಅಲ್ಲಿ ಕಾಗದ ನಂಬಲಾರದೆ ಎಷ್ಟೋ ಮಂದಿ ಡಿಎನ್‌ಎ ಪರೀಕ್ಷೆಯ ಮೊರೆ ಹೋಗಿದ್ದಾರೆ.

ನನ್ನ ಮಗಳಿಗೆ ಈಗ ಹತ್ತೊಂಬತ್ತು. ಕಳೆದ ಬೇಸಿಗೆಯಲ್ಲಿ ಊಟದ ಮೇಜಿನ ಮೇಲೆ ಕಡತ ಬಿಚ್ಚಿ, ನಾನು ಹೇಳಿಕೊಟ್ಟ ಹಾಗೆಯೇ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದಳು. ಗೀಟೆಳೆದ ಸಾಲಿಗೆ ಬಂದಾಗ ತಲೆಯೆತ್ತಿ, ‘ಅಪ್ಪ, ಇದನ್ನು ನೀವು ಅವತ್ತೇ ನೋಡಿದ್ದಿರಾ?’ ಎಂದಳು. ನೋಡಿದ್ದೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಯಲ್ಲಿ ಎರಡೂ ಸ್ಥಳಗಳನ್ನು ಬರೆದು, ಪಕ್ಕದಲ್ಲಿ ಪುಟಸಂಖ್ಯೆ ಹಾಕಿದಳು.